ದತ್ತು ಕೊಟ್ಟವರು

ಉಣ್ಣಿಸಿ ಬೆಳೆಸುವಾಗ ಸಾಕುಮಗ, ಪಹಣಿಯಲ್ಲಿ ಹೆಸರು ಸೇರಿಸುವಾಗ ದತ್ತುಮಗ. ಕಳಸದಂಥ ಕಾಫಿಸೀಮೆಯಲ್ಲಿ ಈ ಎರಡು ಪದಗಳ ನಡುವೆ ಇಡೀ ತೋಟವೇ ನಿಂತಿರಬಹುದು. ‘ಸಾಕು’ ಪೊರೆದವರ ಕಡೆಯ ಮಾತು. ಸಂಸ್ಕೃತದ ‘ದತ್ತ’ದಿಂದ ಬಂದ ‘ದತ್ತು’ ಕೊಟ್ಟವರ ಕಡೆಯದು. ಇದೇ ಜಿಲ್ಲೆಯ ಬಾಬಾಬುಡನ್‌ಗಿರಿಯ ದತ್ತಾತ್ರೇಯನೂ ಪುರಾಣದ ಪ್ರಕಾರ ಅತ್ರಿಗೆ ಮಗನಾಗಿ ತನ್ನನ್ನೇ ಕೊಟ್ಟುಕೊಂಡವನು.

ಧರ್ಮಶಾಸ್ತ್ರದಲ್ಲಿ ಹೆತ್ತವರು ಕೊಟ್ಟವನು ದತ್ತಕ, ಮಾರಿದವನು ಕ್ರೀತ, ತೊರೆದವನನ್ನು ಯಾರಾದರೂ ಎತ್ತಿಕೊಂಡರೆ ಅಪವಿದ್ಧ. ಮೂವರೂ ಪುತ್ರರೇ. ರೋಮಿನ ಕಾನೂನು ಇಷ್ಟು ಮೆತ್ತಗಿರಲಿಲ್ಲ. ಬಡತನಕ್ಕೆ ಹಸುಗೂಸನ್ನು ಮಾರಿದವರು ಬೆಲೆ ತೆತ್ತು ಬಿಡಿಸಿಕೊಳ್ಳಬಹುದೆಂದು 329ರಲ್ಲಿ ವಿಧಿಸಿದ ಚಕ್ರವರ್ತಿ ಕಾನ್‌ಸ್ಟಂಟೈನ್, 331ರಲ್ಲಿ ಬೀದಿಗೆ ಬಿಟ್ಟ ಕೂಸಿನ ವಿಷಯದಲ್ಲಿ ಆ ಬಾಗಿಲನ್ನೂ ಮುಚ್ಚಿದ. ಎತ್ತಿ ಸಾಕಿದವರು ಅದನ್ನು ಮಗುವೆಂದಾದರೂ ಇಟ್ಟುಕೊಳ್ಳಲಿ, ಗುಲಾಮನೆಂದಾದರೂ! ಅಂಥ ಕೂಸುಗಳೆಲ್ಲ ಸ್ವತಂತ್ರರೆಂದು ಜಸ್ಟಿನಿಯನ್ ಸಾರಿದ್ದು 529ರಲ್ಲಿ.

ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಧರ್ಮಶಾಸ್ತ್ರದ ವ್ಯಾಖ್ಯಾನ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ನೇರವಾಗಿ ಕೊಡುವವರನ್ನೇ ತಡೆದು ನಿಲ್ಲಿಸುತ್ತಾನೆ. ಆಪತ್ತಿಲ್ಲದೆ ಕೊಡಕೂಡದು, ಒಬ್ಬನೇ ಮಗನನ್ನಂತೂ ಕೊಡಕೂಡದು. ಆಪತ್ತಿನ ನಿರ್ಬಂಧ ಕೊಡುವವನಿಗೇ ಹೊರತು ಪಡೆಯುವವನಿಗಲ್ಲ ಎಂದೂ ಬಿಡಿಸಿ ಹೇಳುತ್ತಾನೆ. ಇಡೀ ಚರ್ಚೆಯಲ್ಲಿ ನನಗೆ ಹಿಡಿಸಿದ್ದು ಈ ಒಂದು ಎಚ್ಚರ.

ದತ್ತಿನ ಗೊಡವೆಯೇ ಬೇಕಿಲ್ಲದ ಮನೆಗಳೂ ಇದ್ದವು. ಕಳಸ–ಕಾರ್ಕಳವನ್ನಾಳಿದ ಭೈರರಸರದು ಅಳಿಯಸಂತಾನ. 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸ ಪಟ್ಟಕ್ಕೆ ಬಂದದ್ದು ಸೋದರಳಿಯನಾಗಿ. ಅಂಥ ಮನೆಯಲ್ಲಿ ಗಂಡುಮಗನಿಲ್ಲವೆಂದು ದತ್ತಿಗೆ ಅಲೆಯಬೇಕಿರಲಿಲ್ಲ.

1824ರ ಕಿತ್ತೂರಿಗೆ ಬರುವಷ್ಟರಲ್ಲಿ ‘ದತ್ತು’ ಪೂರ್ತಿ ಪಡೆಯುವವರ ಮಾತು. ಅಲ್ಲಿನ ದತ್ತುಮಗನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ, ರಾಣಿ ಚೆನ್ನಮ್ಮ ಬಿಡಲಿಲ್ಲ. ಆ ಹುಡುಗನನ್ನು ಹೆತ್ತವರ ಸುದ್ದಿ ಯಾರಿಗೂ ಬೇಕಾಗಲಿಲ್ಲ. ಈಗಂತೂ ಊರನ್ನು, ಸರ್ಕಾರಿ ಶಾಲೆಯನ್ನು ‘ದತ್ತು ತೆಗೆದುಕೊಳ್ಳು’ತ್ತಾರೆ. ಕೊಟ್ಟವರು ಯಾರೆಂದು ಕೇಳಿದರೆ ಉತ್ತರವಿಲ್ಲ.

ಮರೆತ ಆ ಮಗ್ಗುಲನ್ನು ಕಾನೂನು ಮಾತ್ರ ಹಿಡಿದುಕೊಂಡಿದೆ. 1956ರ ಹಿಂದೂ ದತ್ತಕ ಕಾಯಿದೆಯಲ್ಲಿ ದತ್ತಹೋಮ ಕಡ್ಡಾಯವಲ್ಲ, ಮಗುವನ್ನು ನಿಜವಾಗಿ ಕೊಟ್ಟು ಪಡೆಯುವುದು ಕಡ್ಡಾಯ; ಅದಕ್ಕೆ ಪ್ರತಿಯಾಗಿ ಹಣ ಮುಟ್ಟುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆ ಇನ್ನೂ ಮುಂದಕ್ಕೆ ಹೋಗಿದೆ. ಸಾಕಲಾರದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಎದುರು ಪತ್ರಕ್ಕೆ ರುಜು ಹಾಕಿ ಕೂಸನ್ನು ಒಪ್ಪಿಸಿದ ಮೇಲೂ, ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳ ಅವಕಾಶವಿದೆ. ವಾಪಸು ಕೇಳಿದರೆ ಕಾನ್‌ಸ್ಟಂಟೈನ್ ಹೇಳಿದಂತೆ ಬೆಲೆ ತೆರಬೇಕಿಲ್ಲ.