ಗೋರ್ವಾದ ಪೆನಿಸಿಲಿನ್, ವಡೋದರಾದ ಕಪ್ಪು ಶಿಲೀಂಧ್ರ: ಒಂದು ಟಿಪ್ಪಣಿ

2021ರ ಮೇ 26ರಂದು ಆಗಿನ ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವ ಡಿ.ವಿ. ಸದಾನಂದ ಗೌಡರು ಆಂಫೊಟೆರಿಸಿನ್-ಬಿ ಔಷಧದ 29,250 ಹೆಚ್ಚುವರಿ ವಯಲ್‌ಗಳನ್ನು ರಾಜ್ಯಗಳಿಗೆ ಹಂಚಿದರು. ದೇಶದಲ್ಲಿ ಆಗ ಕಪ್ಪು ಶಿಲೀಂಧ್ರಕ್ಕೆ, ಅಂದರೆ ಮ್ಯೂಕರ್‌ಮೈಕೋಸಿಸ್‌ಗೆ ಚಿಕಿತ್ಸೆ ಪಡೆಯುತ್ತಿದ್ದವರು 11,717 ಮಂದಿ. ಅವರಲ್ಲಿ 2,859 ಮಂದಿ ಗುಜರಾತಿನವರು. ಬೇರಾವ ರಾಜ್ಯದಲ್ಲೂ ಅಷ್ಟು ರೋಗಿಗಳಿರಲಿಲ್ಲ.

ಈ ಅಂಕಿಗಳನ್ನು ಭಾಗಿಸಿ ನೋಡಿದರೆ ತಲೆಗೆ ಎರಡೂವರೆ ವಯಲ್. ಲೈಪೊಸೋಮಲ್ ಆಂಫೊಟೆರಿಸಿನ್ನನ್ನು ದೇಹತೂಕದ ಕಿಲೋಗೆ ದಿನಕ್ಕೆ ಕನಿಷ್ಠ 5 ಮಿಲಿಗ್ರಾಂನಂತೆ ಕೊಡಬೇಕು. ಒಂದು ವಯಲ್‌ನಲ್ಲಿರುವುದು 50 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ ಆರು ವಯಲ್ ಬೇಕು, ಅದೂ ವಾರಗಟ್ಟಲೆ. ಹಿಂದಿನ ಕಂತುಗಳು ಬೇರೆ ಇದ್ದವು, ನಿಜ. ಆದರೂ ಆ ಕಂತು ಅರ್ಧ ದಿನಕ್ಕೂ ಸಾಲುವಂಥದ್ದಲ್ಲ. ಕೊರತೆಯ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನನಗೆ ಕಾಣುವಂತೆ ಔಷಧಕ್ಕಿಂತ ಹಳೆಯದಾದ ಇನ್ನೊಂದು ಕೊರತೆಯಿತ್ತು. ಅದನ್ನು ಹುಡುಕಲು ವಡೋದರಾದ ಗೋರ್ವಾ ತಕ್ಕ ಜಾಗ.

ಗೋರ್ವಾ ನಗರದ ವಾಯವ್ಯ ಭಾಗದಲ್ಲಿದೆ. ಅಲ್ಲಿನ ಅಲೆಂಬಿಕ್ ಕಂಪನಿ 1907ರಲ್ಲಿ ಆರಂಭವಾದದ್ದು ಮದ್ಯಸಾರ ಮತ್ತು ಟಿಂಕ್ಚರುಗಳ ತಯಾರಿಕೆಯಿಂದ. ಸಕ್ಕರೆಯನ್ನು ಮದ್ಯಸಾರವಾಗಿಸುವ ಯೀಸ್ಟ್ ಕೂಡ ಶಿಲೀಂಧ್ರವೇ. 1961ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಕಂಪನಿಯ ಪೆನಿಸಿಲಿನ್ ಘಟಕವನ್ನು ಉದ್ಘಾಟಿಸಿದರು. ಪೆನಿಸಿಲಿಯಂ ಎಂಬ ಬೂಷ್ಟನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಗಾಳಿ, ಉಷ್ಣತೆ, ಆಮ್ಲೀಯತೆಗಳನ್ನು ಹದದಲ್ಲಿಟ್ಟು ಔಷಧ ತೆಗೆಯುವ ವಿದ್ಯೆ ಅದು. ಪಕ್ಕದ ಗೋತ್ರಿಯ ಸರ್ಕಾರಿ ಆಸ್ಪತ್ರೆಯಲ್ಲೂ ನಗರದ ಸರ್ ಸಯ್ಯಾಜಿರಾವ್ ಆಸ್ಪತ್ರೆಯಲ್ಲೂ 2021ರಲ್ಲಿ ವೈದ್ಯರು ಎದುರಿಸಿದ್ದು ಇನ್ನೊಂದು ಬೂಷ್ಟನ್ನು.

ಬೂಷ್ಟಿನಿಂದ ಬ್ಯಾಕ್ಟೀರಿಯಾಕ್ಕೆ ಮದ್ದು ಸಿಕ್ಕಷ್ಟು ಸಲೀಸಾಗಿ ಬೂಷ್ಟಿಗೇ ಮದ್ದು ಏಕೆ ಸಿಗಲಿಲ್ಲ? ಪೆನಿಸಿಲಿನ್ ಮುರಿಯುವುದು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸವನ್ನು. ನಮ್ಮ ಜೀವಕೋಶಕ್ಕೆ ಅಂಥ ಭಿತ್ತಿಯೇ ಇಲ್ಲ. ಶಿಲೀಂಧ್ರದ ಮಾತು ಹಾಗಲ್ಲ. ಜೀವವಿಕಾಸದ ಲೆಕ್ಕದಲ್ಲಿ ಅದು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ನಂಟ. ಅದರ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ, ನಮ್ಮದರಲ್ಲಿ ಕೊಲೆಸ್ಟೆರಾಲ್. ಎರಡಕ್ಕೂ ಇರುವ ಅಂತರ ಸಣ್ಣದು. ಆಂಫೊಟೆರಿಸಿನ್ ಆ ಅಂತರವನ್ನೇ ನೆಚ್ಚಿಕೊಂಡಿದೆ. ಅದಕ್ಕೇ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಅದಕ್ಕೇ ಕೊಬ್ಬಿನ ಕಣಗಳಲ್ಲಿ ಸೇರಿಸಿ ಕೊಡುವ ದುಬಾರಿ ಲೈಪೊಸೋಮಲ್ ರೂಪ ಬೇಕಾಯಿತು. ಆ ಔಷಧದ ಮೂಲವೂ ಮಣ್ಣೇ: ವೆನೆಜುವೆಲಾದ ಒರಿನೊಕೊ ನದಿಯ ಕಡೆಯ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ.

ನಮ್ಮ ಮಣ್ಣಿನಲ್ಲೂ ಹೀಗೆ ಹುಡುಕಿದವರಿದ್ದರು. ಎಂ.ಜೆ. ತಿರುಮಲಾಚಾರ್ ಅವರನ್ನು ಕನ್ನಡ ಓದುಗರು ಇನ್ನೂ ಚೆನ್ನಾಗಿ ಬಲ್ಲವರಾಗಬೇಕಿತ್ತು. ಬೆಂಗಳೂರಿನಲ್ಲಿ ಸಸ್ಯಶಾಸ್ತ್ರಜ್ಞರಾಗಿ ಬೆಳೆದ ಅವರು ಮೊದಲು ಹೆಸರು ಮಾಡಿದ್ದು ಗಿಡಗಳ ತುಕ್ಕು ರೋಗದ ಶಿಲೀಂಧ್ರಗಳ ಅಧ್ಯಯನದಲ್ಲಿ; ಶಿಲೀಂಧ್ರತಜ್ಞ ಬಿ.ಬಿ. ಮುಂಡ್ಕೂರರ ಜೊತೆ ತುಕ್ಕು ಶಿಲೀಂಧ್ರಗಳ ಕುಲಗಳನ್ನು ವಿಂಗಡಿಸಿದರು. ಆಮೇಲೆ ಪುಣೆಯ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸೇರಿದರು. ಅಲ್ಲಿನ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾದಿಂದ ಅವರ ತಂಡ ತೆಗೆದ ಹ್ಯಾಮೈಸಿನ್ ಆಂಫೊಟೆರಿಸಿನ್ನಿನ ಬಳಗದ್ದೇ. 1961ರಲ್ಲಿ ಅದರ ವರದಿ ಬಂತು, ಗೋರ್ವಾದಲ್ಲಿ ಪೆನಿಸಿಲಿನ್ ಘಟಕ ತೆರೆದ ವರ್ಷವೇ. ಅದೇ ಪ್ರಯೋಗಾಲಯದ ಆರಿಯೋಫಂಜಿನ್ ಬೆಳೆಗಳ ರೋಗಕ್ಕೆ ಬಳಕೆಯಾಯಿತು. ಎಲೆಯ ಮೇಲಿನ ತುಕ್ಕು ಬಲ್ಲವರು ಮನುಷ್ಯನ ಸೋಂಕಿಗೂ ಮದ್ದು ಹುಡುಕಿದ್ದು ನನ್ನ ಮಟ್ಟಿಗೆ ಆಕಸ್ಮಿಕವಲ್ಲ. ಶಿಲೀಂಧ್ರವನ್ನು ಶಿಲೀಂಧ್ರವಾಗಿಯೇ ಕಲಿತದ್ದರ ಫಲ. ಹ್ಯಾಮೈಸಿನ್ ಹೆಚ್ಚಾಗಿ ಮೇಲುಮೇಲಿನ ಕ್ಯಾಂಡಿಡಾ ಸೋಂಕುಗಳಿಗೆ ಬಳಕೆಯಾಯಿತು. ರಕ್ತನಾಳಕ್ಕೆ ಕೊಡುವ ಔಷಧವಾಗಿ ಆಂಫೊಟೆರಿಸಿನ್ನಿನ ಸ್ಥಾನ ಅದಕ್ಕೆ ದಕ್ಕಲಿಲ್ಲ.

ಇನ್ನು ರೋಗದ ವಿಷಯ. ಕೋವಿಡ್ಡಿಗೆ ಮೊದಲೇ ಚಂಡೀಗಢದ ಶಿಲೀಂಧ್ರತಜ್ಞ ಅರುಣಾಲೋಕ ಚಕ್ರಬರ್ತಿ ಮತ್ತವರ ಸಹೋದ್ಯೋಗಿಗಳು ಭಾರತದಲ್ಲಿ ಸಾವಿರಕ್ಕೆ 0.14 ಮಂದಿಗೆ ಮ್ಯೂಕರ್‌ಮೈಕೋಸಿಸ್ ಇದೆಯೆಂದು ಅಂದಾಜಿಸಿದ್ದರು, ಜಾಗತಿಕ ಪ್ರಮಾಣದ ಹತ್ತಾರು ಪಟ್ಟು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲೀಯವಾದಾಗ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಹಿಡಿದಿಟ್ಟ ಕಬ್ಬಿಣ ಸಡಿಲುತ್ತದೆ. ಮ್ಯೂಕರ್ ಗುಂಪಿನ ಬೂಷ್ಟಾದ ರೈಜೋಪಸ್ ಅದನ್ನುಂಡು ಹಬ್ಬುತ್ತದೆ. ಕೋವಿಡ್ಡಿಗೆ ಕೊಟ್ಟ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸಿತು, ರಕ್ಷಕ ಕೋಶಗಳನ್ನು ಕುಗ್ಗಿಸಿತು. ಎಳೆಗಳು ರಕ್ತನಾಳಕ್ಕೆ ನುಗ್ಗಿ ಮುಚ್ಚಿದಾಗ ಮೂಗು, ಅಂಗುಳ, ಕಣ್ಣಿನ ಗೂಡು ಸತ್ತು ಕಪ್ಪಾಗುತ್ತವೆ. ಎಷ್ಟೋ ಮಂದಿ ಕಣ್ಣು ಕಳೆದುಕೊಂಡು ಮನೆಗೆ ಹೋದರು. ಸತ್ತ ಭಾಗಕ್ಕೆ ರಕ್ತವಿಲ್ಲ, ರಕ್ತವಿಲ್ಲದ ಕಡೆಗೆ ಔಷಧ ತಲುಪದು; ಅದನ್ನು ಕತ್ತರಿಸಿ ತೆಗೆಯದೆ ಗತಿಯಿಲ್ಲ.

ಮಾನವ ಮತ್ತು ಪ್ರಾಣಿ ಶಿಲೀಂಧ್ರಶಾಸ್ತ್ರದ ಅಂತರರಾಷ್ಟ್ರೀಯ ಸಂಘದ 21ನೇ ಸಮ್ಮೇಳನ 2022ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ನಡೆಯಿತು. ಮರು ತಿಂಗಳು ವಿಶ್ವ ಆರೋಗ್ಯ ಸಂಸ್ಥೆ 19 ಶಿಲೀಂಧ್ರಗಳ ಆದ್ಯತಾ ಪಟ್ಟಿಯನ್ನು ಮೊದಲ ಬಾರಿಗೆ ಹೊರಡಿಸಿತು. ಮ್ಯೂಕರ್ ಗುಂಪು ಅದರ ಎರಡನೆಯ ಸ್ತರದಲ್ಲಿದೆ. ಸ್ತರಕ್ಕಿಂತ ನನಗೆ ಮುಖ್ಯವೆನಿಸುವುದು ಗುರುತಿಸುವ ಕೈ. ಹಳೆಯ ಕೊರತೆ ಎಂದದ್ದು ಆ ಕೈಯ ಕೊರತೆಯನ್ನೇ. ಮೂಗಿನಿಂದ ತೆಗೆದ ತುಣುಕಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮ್ಯೂಕರ್‌ನ ಎಳೆ ಪಟ್ಟಿಯಂತೆ ಅಗಲ, ಅಡ್ಡಗೋಡೆಗಳು ಅಪರೂಪ. ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಷ್ಟಿನದು ಸಪೂರ, ಅಡ್ಡಗೋಡೆಗಳು ಉದ್ದಕ್ಕೂ ಸ್ಪಷ್ಟ, ಕವಲು ಕಿರುಕೋನದಲ್ಲಿ. ಈ ವ್ಯತ್ಯಾಸ ತಿಳಿಯದೆ ವೊರಿಕೊನಜೋಲ್ ಎಂಬ ಶಿಲೀಂಧ್ರನಾಶಕ ಕೊಟ್ಟರೆ ಆಸ್ಪರ್ಜಿಲಸ್ ಸಾಯಬಹುದು, ಮ್ಯೂಕರ್‌ಗೆ ಏನೂ ಆಗದು. ಬಿ.ಎಸ್ಸಿ. ಸಸ್ಯಶಾಸ್ತ್ರದ ವಿದ್ಯಾರ್ಥಿ ಬ್ರೆಡ್ಡಿನ ಬೂಷ್ಟಿನಲ್ಲಿ ರೈಜೋಪಸ್ ನೋಡಿ ಕಲಿಯುವ ಪಾಠವೇ ಇದು. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅದನ್ನು ಬಲ್ಲವರೊಬ್ಬರಿದ್ದರೆ, ಮಾದರಿ ದೊಡ್ಡ ಊರಿಗೆ ಹೋಗಿ ವರದಿ ಬರುವ ಮೊದಲೇ ಶಸ್ತ್ರಚಿಕಿತ್ಸೆ ಶುರುವಾಗುತ್ತದೆ.