ಅಂಗಳದಲ್ಲಿ ಬರೆದ ಊರು

1970ರ ಮಾರ್ಚ್ 17ರಂದು ಸಿಡ್ಕೊ ಹುಟ್ಟಿತು. ಠಾಣೆ ಖಾರಿಯ ಆಚೆ ಹೊಸ ನಗರ ಕಟ್ಟಲು ಗುರುತಾದ 95 ಹಳ್ಳಿಗಳಲ್ಲಿ ವಾಶಿಯೂ ಇತ್ತು. ಆ ಸೀಮೆಯ ಆಗ್ರಿ, ಕೋಲಿ ಜನ ಭತ್ತ, ಉಪ್ಪು ಮತ್ತು ಮೀನನ್ನು ನಂಬಿ ಬದುಕಿದವರು. ಭೂಸ್ವಾಧೀನಕ್ಕೆ ಬೇಕಾದದ್ದು ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು. ಮೀನು ಒಣಗಿಸುವ ಜಾಗ ಯಾವುದು, ಯಾವ ತಿಂಗಳು ಕೂಲಿ ಸಿಗುವುದಿಲ್ಲ ಎಂಬುದನ್ನು ಭೂದಾಖಲೆ ಹೇಳುವುದಿಲ್ಲ. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ನೇತೃತ್ವದ ಹೋರಾಟದ ವೇಳೆ ಉರಣದ ಕಡೆ ನಡೆದ ಗೋಲಿಬಾರಿನಲ್ಲಿ ಐವರು ಸತ್ತರು. ಆ ಬಳಿಕ ಸ್ವಾಧೀನವಾದ ಜಮೀನಿನ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಬಂತು. ಆದರೆ ಅದರ ಅಳತೆಗೋಲೂ ಜಮೀನೇ.

ಕಾಗದದ ಆಚೆಗೆ ಒಂದು ಊರಿನ ಬದುಕನ್ನು ತಿಳಿಯುವುದು ಹೇಗೆ? ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದರು. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯದ ಎರಡು ಹಳ್ಳಿಗಳಲ್ಲಿ ನೀರಾವರಿ ತಂದ ಬದಲಾವಣೆಯನ್ನು ಗಮನಿಸಿದರು. ಯೋಜನೆ ರೂಪಿಸುವ ಇಲಾಖೆಗಳಿಗೆ ಅಷ್ಟು ವ್ಯವಧಾನವಿರಲಿಲ್ಲ. ಜೀಪಿನಲ್ಲಿ ಬಂದು, ಪ್ರಶ್ನಾವಳಿ ತುಂಬಿಸಿಕೊಂಡು, ಸಂಜೆಯೊಳಗೆ ಹಿಂದಿರುಗುವುದು ರೂಢಿ. ಇಂಥ ಭೇಟಿಗಳನ್ನು ರಾಬರ್ಟ್ ಚೇಂಬರ್ಸ್ 1983ರ ತಮ್ಮ ಪುಸ್ತಕದಲ್ಲಿ ಪ್ರವಾಸಕ್ಕೆ ಹೋಲಿಸಿದರು. ಬರುವವರು ಡಾಂಬರು ರಸ್ತೆಯ ಪಕ್ಕದ ಊರನ್ನು, ಮಳೆ ಇಲ್ಲದ ತಿಂಗಳನ್ನು, ಊರಿನ ಗಂಡಸರನ್ನು, ಅದರಲ್ಲೂ ಉಳ್ಳವರನ್ನು ಮಾತ್ರ ಕಾಣುತ್ತಾರೆ. ಹಸಿವು ಹೆಚ್ಚಾಗುವುದೋ ಕೆಸರಿನ ದಿನಗಳಲ್ಲಿ.

ಇದಕ್ಕೊಂದು ಉತ್ತರ ಬೆಳೆದ ನೆಲಗಳಲ್ಲಿ ಕರ್ನಾಟಕವೂ ಒಂದು. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ, 1989ರ ಹೊತ್ತಿಗೆ ಗುಂಪು ಮಾತುಕತೆಯ ವಿಧಾನಗಳನ್ನು ಹಳ್ಳಿಗಳಲ್ಲಿ ಬಳಸತೊಡಗಿತು. ಜೇಮ್ಸ್ ಮಸ್ಕರೇನ್ಹಸ್ ಅದರ ಮುಂಚೂಣಿಯಲ್ಲಿದ್ದರು. ಗುಜರಾತಿನಲ್ಲಿ ಆಗಾ ಖಾನ್ ಗ್ರಾಮೀಣ ಕಾರ್ಯಕ್ರಮ ಅದಕ್ಕೂ ಒಂದು ವರ್ಷ ಮೊದಲೇ ಇಂಥದ್ದನ್ನು ನಡೆಸಿತ್ತು. 1991ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ತರಬೇತುದಾರರ ಕಾರ್ಯಾಗಾರವೇ ಸೇರಿತು.

ಸಾಮಗ್ರಿ ಎಲ್ಲವೂ ಮನೆಯದೇ. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬರೆಯುತ್ತಾರೆ. ತಿಂಗಳಿಗೊಂದು ಗುಡ್ಡೆಯಂತೆ ಕಾಳು ಇಟ್ಟು ಮಳೆ, ಕೂಲಿ, ಸಾಲ, ಕಾಯಿಲೆಗಳ ಏರಿಳಿತ ತೋರಿಸುತ್ತಾರೆ. ಮನೆಗೊಂದು ಚೀಟಿ ಬರೆದು, ಸ್ಥಿತಿವಂತಿಕೆಯ ಪ್ರಕಾರ ಬೇರೆ ಬೇರೆ ಗುಂಪು ಮಾಡುತ್ತಾರೆ. ಇಲ್ಲಿ ಬಡತನದ ವ್ಯಾಖ್ಯೆ ಮೊದಲೇ ಅಚ್ಚಾಗಿರುವುದಿಲ್ಲ. ಎಕರೆಗಟ್ಟಲೆ ಭೂಮಿಯಿದ್ದರೂ ದುಡಿಯುವ ಕೈ ಇಲ್ಲದ ಮನೆ ಕೆಳಗಿನ ಗುಂಪಿಗೆ ಬರಬಹುದು. ಪೆನ್ನು ಅಧಿಕಾರಿಯ ಕೈಯಲ್ಲಿದ್ದಾಗ ತಪ್ಪು ತಿದ್ದುವವರಿಲ್ಲ. ನೆಲದ ನಕ್ಷೆಯಲ್ಲಿ ಬಾವಿ ತಪ್ಪಿದರೆ ಪಕ್ಕದಲ್ಲಿ ನಿಂತವರೇ ಅಳಿಸಿ ಬರೆಯುತ್ತಾರೆ.

ಆದರೆ ನಾಲ್ಕು ಜನರ ಮುಂದೆ ಎಲ್ಲರೂ ಒಂದೇ ದನಿಯಲ್ಲಿ ಮಾತಾಡಲಾರರು. ಪಶ್ಚಿಮ ಭಾರತದ ಭಿಲ್ಲರ ಸೀಮೆಯಲ್ಲಿ ಕೆಲಸ ಮಾಡಿದ ಡೇವಿಡ್ ಮಾಸ್ 1994ರಲ್ಲಿ ಇದನ್ನೇ ಬರೆದರು: ಬಯಲಲ್ಲಿ ನಡೆಯುವ ಕಲಾಪ ಊರಿನ ಬಲವಂತರ ಮಾತನ್ನು ಊರಿನ ಮಾತಾಗಿಸುತ್ತದೆ, ಹೆಂಗಸರು ಹೊರಗುಳಿಯುತ್ತಾರೆ. 2001ರಲ್ಲಿ ಬಿಲ್ ಕುಕ್, ಉಮಾ ಕೊಠಾರಿ ಸಂಪಾದಿಸಿದ ಪುಸ್ತಕ, ಭಾಗವಹಿಸುವಿಕೆಯೇ ಹೊಸ ದಬ್ಬಾಳಿಕೆಯೇ ಎಂದು ಕೇಳಿತು. ಅಷ್ಟರಲ್ಲಿ ಈ ವಿಧಾನ ಅನುದಾನದ ಅರ್ಜಿಗಳಲ್ಲೂ ಸೇರಿಹೋಗಿತ್ತು. ಒಂದೇ ದಿನದಲ್ಲಿ ನಕ್ಷೆ ಬರೆಸಿ, ಫೋಟೋ ತೆಗೆದು ಹೊರಟರೆ ಅದೂ ಹಳೆಯ ಪ್ರವಾಸವೇ.

ಹಾಗಾಗಿ ಕೇಳಬೇಕಾದದ್ದು ಸಭೆ ನಡೆಯಿತೇ ಎಂದಲ್ಲ. ಹೆಂಗಸರು ಬೇರೆ ಕೂತು ಬರೆದರೇ? ಕೇರಿಯವರ ನಕ್ಷೆಯೂ ಗೌಡರ ಬೀದಿಯವರ ನಕ್ಷೆಯೂ ಎಲ್ಲಿ ಹೊಂದಲಿಲ್ಲ? ಮುಖ್ಯವಾಗಿ, ಅಂಗಳದಲ್ಲಿ ಬರೆದದ್ದು ತೀರ್ಮಾನದ ಕಾಗದಕ್ಕೆ ಏರಿತೇ? ರಂಗೋಲಿಯನ್ನು ಗಾಳಿ ಒಯ್ಯುತ್ತದೆ, ಸರ್ವೆ ನಂಬರು ಉಳಿಯುತ್ತದೆ. ಹಳ್ಳಿಯ ಭವಿಷ್ಯವನ್ನು ಇಂದಿಗೂ ಹೆಚ್ಚಾಗಿ ನಿರ್ಧರಿಸುವುದು ಉಳಿಯುವ ಕಾಗದವೇ.