ಲೋಹದ ಗೋಡೆ ದಾಟಿ ಬಂದ ಬೆಳಕು

ಇವತ್ತಿನ ಕತೆ ನಡೆಯೋದು ಕಾರು ಮಾಡೋ ಫೋರ್ಡ್ ಕಂಪನಿಯ ಲ್ಯಾಬ್‌ನಲ್ಲಿ, 1976ರಲ್ಲಿ. ಜಾನ್ ಲ್ಯಾಂಬ್ ಮತ್ತು ಮೆಕಾರ್ಥಿ ಅನ್ನೋ ಇಬ್ಬರು ವಿಜ್ಞಾನಿಗಳು ಎರಡು ಲೋಹದ ಪದರಗಳ ನಡುವೆ ತೆಳ್ಳನೆಯ ಆಕ್ಸೈಡ್ ಇಟ್ಟು ಎರಡು-ಮೂರು ವೋಲ್ಟ್ ಕೊಟ್ಟರು. ಅದು ಹೊಳೆಯಿತು! ಬಲ್ಬಿನ ತಂತಿ ಹಾಗೆ ಕಾದು ಕೆಂಪಾಗಿದ್ದಲ್ಲ, ಒಳಗೆ ಎಲ್‌ಇಡಿ ಥರ ಸೆಮಿಕಂಡಕ್ಟರ್ ಕೂಡ ಇರಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1960ರಲ್ಲಿ ಜನರಲ್ ಎಲೆಕ್ಟ್ರಿಕ್ ಲ್ಯಾಬ್‌ನಲ್ಲಿದ್ದ ಐವರ್ ಯೇವರ್, ಮೂಲತಃ ಮೆಕ್ಯಾನಿಕಲ್ ಎಂಜಿನಿಯರ್, ಇಂಥದ್ದೇ ಪದರಗಳನ್ನು ಮಾಡಿದ್ದರು. ಅಲ್ಯೂಮಿನಿಯಂ ಗಾಳಿಗೆ ಬಿಟ್ಟರೆ ಸಾಕು, ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ತಾನಾಗೇ ಬೆಳೆಯುತ್ತೆ. ಅದು ವಿದ್ಯುತ್ತನ್ನು ತಡೆಯೋ ಗೋಡೆ. ಆದರೆ ಕ್ವಾಂಟಂ ನಿಯಮದ ಪ್ರಕಾರ ಎಲೆಕ್ಟ್ರಾನ್‌ಗಳು ಆ ಗೋಡೆ ದಾಟಿ ಆಚೆ ಹೋಗುತ್ತವೆ. ಇದೇ ಟನಲಿಂಗ್. 1973ರ ನೊಬೆಲ್‌ನಲ್ಲಿ ಯೇವರ್‌ಗೂ ಪಾಲು ಸಿಕ್ಕಿತು.

ಹಾಗಾದ್ರೆ ಬೆಳಕು ಎಲ್ಲಿಂದ ಬಂತು? ಕೆಲವು ಎಲೆಕ್ಟ್ರಾನ್‌ಗಳು ದಾಟುವಾಗ ತಮ್ಮ ಶಕ್ತಿಯನ್ನು ಲೋಹದ ಮೇಲ್ಮೈಗೆ ಬಿಟ್ಟುಕೊಡುತ್ತವೆ. ಅಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ಅಲೆಯಾಡುತ್ತವೆ. ಅದೇ ಸರ್ಫೇಸ್ ಪ್ಲಾಸ್ಮಾನ್. ನುಣುಪಾದ ಲೋಹದಲ್ಲಿ ಈ ಅಲೆ ಮೇಲ್ಮೈಗೇ ಅಂಟಿಕೊಂಡು ಸತ್ತುಹೋಗುತ್ತೆ. ಲ್ಯಾಂಬ್ ಮತ್ತು ಮೆಕಾರ್ಥಿ ಬೇಕೂಂತಲೇ ಮೇಲ್ಮೈಯನ್ನು ಒರಟು ಮಾಡಿದರು. ಆ ಉಬ್ಬುತಗ್ಗುಗಳೇ ಅಲೆಯನ್ನು ಬೆಳಕಾಗಿ ಹೊರಗೆ ಬಿಟ್ಟವು.

ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಹಿಡಿಸಿದ್ದು ಇದರ ಲೆಕ್ಕ. 2 ವೋಲ್ಟ್ ಕೊಟ್ಟರೆ ಒಂದು ಎಲೆಕ್ಟ್ರಾನ್ ಕೈಲಿ 2 ಎಲೆಕ್ಟ್ರಾನ್‌ವೋಲ್ಟ್ ಬಂಡವಾಳ. ಅದರಲ್ಲಿ ಕೆಂಪು ಬೆಳಕು ಸಿಗುತ್ತೆ, ನೀಲಿ ಸಿಗಲ್ಲ. ನೀಲಿ ಬೇಕಾ? ವೋಲ್ಟೇಜ್ ಏರಿಸಿ. ಖಾತೇಲಿ ಇರೋದಕ್ಕಿಂತ ಜಾಸ್ತಿ ಖರ್ಚು ಮಾಡೋ ಹಾಗಿಲ್ಲ.

ಇಷ್ಟು ಸುಲಭ ಆಗಿದ್ರೆ ನಮ್ಮ ಫೋನ್‌ಗಳಲ್ಲಿ ಇದು ಯಾಕಿಲ್ಲ? ಬಹುಪಾಲು ಎಲೆಕ್ಟ್ರಾನ್‌ಗಳು ಬೆಳಕು ಕೊಡದೇ ದಾಟಿಬಿಡುತ್ತವೆ. ಕರೆಂಟ್ ಖರ್ಚು ಜಾಸ್ತಿ, ಬೆಳಕು ಕಮ್ಮಿ. ಮಾರುಕಟ್ಟೆ ಎಲ್‌ಇಡಿ ಕೈಗೆ ಹೋಯ್ತು.

ಆದ್ರೂ ಕತೆ ಮುಗಿದಿಲ್ಲ. 1981ರಲ್ಲಿ ಐಬಿಎಂನ ಜ್ಯೂರಿಕ್ ಲ್ಯಾಬ್‌ನಲ್ಲಿ ಬಿನ್ನಿಗ್ ಮತ್ತು ರೋರರ್ ಟನಲಿಂಗ್ ಬಳಸಿಯೇ ಪರಮಾಣುಗಳನ್ನು ತೋರಿಸೋ ಮೈಕ್ರೋಸ್ಕೋಪ್ ಕಟ್ಟಿದರು. ಮುಂದೆ ಅದರ ಸೂಜಿಮೊನೆಯಲ್ಲೂ ಇದೇ ಬೆಳಕು ಕಾಣಿಸ್ತು. ಈಗ ಚಿಪ್ ಒಳಗೆ ಬೆಳಕಲ್ಲೇ ಡೇಟಾ ಕಳಿಸೋಕೆ ಇಂಥ ಪುಟ್ಟ ದೀಪ ಆಗುತ್ತಾ ಅಂತ ಸಂಶೋಧಕರು ಮತ್ತೆ ಹುಡುಕ್ತಿದ್ದಾರೆ. ಲಾಭ ತರಲಿಲ್ಲ ಅಂತ ಅವತ್ತೇ ಈ ಕಡತ ಮುಚ್ಚಿಬಿಟ್ಟಿದ್ರೆ, ಇವತ್ತು ಅವರು ಮೊದಲಿಂದ ಶುರು ಮಾಡಬೇಕಿತ್ತು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.